ಮನೇಲಿ ಹುಲಿ, ಅಮೆರಿಕದಲ್ಲಿ ಇಲಿ: ಬ್ಯಾಂಡ್‌ಗಳು ಗಡಿ ದಾಟೋಕೆ ಯಾಕಿಷ್ಟು ಒದ್ದಾಡ್ತವೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ನೈಟ್ ಶಿಫ್ಟ್ ಮುಗಿಸಿ ಪಿ.ಜಿ.ಗೆ ಬರ್ತಿರೋರಿಗೆ, ಎಲ್ಲರಿಗೂ ಹೊಳೆನರಸೀಪುರ ತಾಲ್ಲೂಕು ಹಳೇಕೋಟೆಯಿಂದ ನಮಸ್ಕಾರ.

ಇವತ್ತು ಒಂದು ಒಗಟಿನಿಂದ ಶುರು ಮಾಡೋಣ. ಬ್ರಿಟನ್‌ನಲ್ಲಿ ಸ್ಲೇಡ್ ಅಂತ ಒಂದು ರಾಕ್ ಬ್ಯಾಂಡ್ ಇತ್ತು. ವುಲ್ವರ್‌ಹ್ಯಾಂಪ್ಟನ್ ಕಡೆಯ ಹುಡುಗರು. 1971ರಿಂದ 1973ರ ಒಳಗೆ ಅವರ ಆರು ಹಾಡು ಬ್ರಿಟನ್‌ನಲ್ಲಿ ನಂಬರ್ ಒನ್ ಆದವು. ಆರು! ಹಾಡಿನ ಹೆಸರನ್ನೂ ಅವರು ಡಿಕ್ಷನರಿ ನೋಡಿ ಬರೀತಿರಲಿಲ್ಲ, ತಮ್ಮೂರಲ್ಲಿ ಮಾತಾಡೋ ಹಾಗೇ ಸ್ಪೆಲ್ಲಿಂಗ್ ಹಾಕೋರು. ನಮ್ಮ ಹಾಸನದ ಕಡೆಯೋರು 'ಎಲ್ಲಿಗೆ ಹೋಗಿದ್ದೆ' ಅನ್ನೋದನ್ನ 'ಎಲ್ಗೋಗಿದ್ದೆ' ಅಂತಲೇ ಪೋಸ್ಟರ್ ಮೇಲೆ ಅಚ್ಚು ಹಾಕಿಸಿದ ಹಾಗೆ. ಜನ ಹುಚ್ಚೆದ್ದು ಕುಣಿದ್ರು.

1975ರಲ್ಲಿ ಇದೇ ಸ್ಲೇಡ್ ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ ಹೋಯ್ತು. ಅಲ್ಲೇ ಉಳಿದು ಊರೂರು ಸುತ್ತಿದ್ರು. ದೊಡ್ಡ ಹಿಟ್ ಒಂದೂ ಆಗಲಿಲ್ಲ. 1977ರ ಹೊತ್ತಿಗೆ ವಾಪಸ್ ಬಂದು ನೋಡಿದ್ರೆ ಬ್ರಿಟನ್‌ನಲ್ಲಿ ಪಂಕ್ ರಾಕ್ ಬಂದುಬಿಟ್ಟಿದೆ, ಇವರನ್ನ ಕೇಳೋರಿಲ್ಲ. ಅತ್ತ ಅಮೆರಿಕವೂ ಇಲ್ಲ, ಇತ್ತ ಮನೆಯೂ ಇಲ್ಲ.

ಸ್ಲೇಡ್ ಒಂದೇ ಅಲ್ಲ. ಸ್ಟೇಟಸ್ ಕ್ವೋ ತಗೊಳ್ಳಿ. ಬ್ರಿಟನ್ ಚಾರ್ಟ್‌ನಲ್ಲಿ ಅರವತ್ತಕ್ಕೂ ಹೆಚ್ಚು ಹಾಡು ಇಟ್ಟವರು. 1985ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಲೈವ್ ಏಡ್ ಕಾರ್ಯಕ್ರಮ ಶುರು ಮಾಡಿಕೊಟ್ಟವರೇ ಅವರು. ಅಮೆರಿಕದ ಟಾಪ್ 40ಕ್ಕೆ ಹೋಗಿದ್ದು ಒಂದೇ ಒಂದು ಸಲ, 1968ರಲ್ಲಿ.

ಯಾಕೆ? ಸಾಮಾನ್ಯವಾಗಿ ಸಿಗೋ ಉತ್ತರ, 'ಹಾಡು ತೀರಾ ಲೋಕಲ್ ಆಗಿತ್ತು, ಅಮೆರಿಕದವರಿಗೆ ಹಿಡಿಸಲಿಲ್ಲ.' ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಇಲ್ಲೊಂದು ವಿಷಯ ಇದೆ. ಸ್ಲೇಡ್‌ನ 1973ರ ಹಿಟ್ 'ಕಮ್ ಆನ್ ಫೀಲ್ ದ ನಾಯ್ಸ್' ಅನ್ನೋ ಹಾಡನ್ನ ಹತ್ತು ವರ್ಷ ಆದ್ಮೇಲೆ ಕ್ವಯಟ್ ರಯಟ್ ಅನ್ನೋ ಲಾಸ್ ಏಂಜಲೀಸ್ ಬ್ಯಾಂಡ್ ಹಾಡ್ತು. ಅಮೆರಿಕದ ಚಾರ್ಟ್‌ನಲ್ಲಿ ಐದನೇ ಜಾಗ. ಅದೇ ರಾಗ, ಅದೇ ಸಾಹಿತ್ಯ, ಅದೇ ತಪ್ಪು ಸ್ಪೆಲ್ಲಿಂಗ್! ಹಾಗಾದ್ರೆ ತೊಂದರೆ ಹಾಡಿನಲ್ಲಿ ಇರಲಿಲ್ಲ. ಹಾಡು ಜನರನ್ನ ತಲುಪೋ ದಾರಿಯಲ್ಲಿತ್ತು.

ಆ ದಾರಿ ಹೇಗಿತ್ತು ಅಂತ ನೋಡೋಣ.

ಬ್ರಿಟನ್ ಎಷ್ಟು ದೊಡ್ಡದು ಗೊತ್ತಾ? ಸುಮಾರು 2.4 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1.92 ಲಕ್ಷ. ಅಂದ್ರೆ ನಮಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಇಡೀ ದೇಶಕ್ಕೆ 1967ರಿಂದ ಬಿಬಿಸಿ ರೇಡಿಯೋ 1 ಅಂತ ಒಂದು ಪಾಪ್ ಸ್ಟೇಷನ್. 'ಟಾಪ್ ಆಫ್ ದ ಪಾಪ್ಸ್' ಅಂತ ಒಂದು ಟಿ.ವಿ. ಶೋ, ಎಪ್ಪತ್ತರ ದಶಕದಲ್ಲಿ ಗುರುವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡ್ತಿದ್ದದ್ದು. ಜೊತೆಗೆ ಎನ್‌ಎಂಇ ಥರದ ಎರಡು ಮೂರು ವಾರಪತ್ರಿಕೆ. ಗುರುವಾರ ಟಿ.ವಿ.ಲಿ ಕಾಣಿಸಿಕೊಂಡ್ರೆ ಶನಿವಾರದ ಹೊತ್ತಿಗೆ ಅಂಗಡೀಲಿ ರೆಕಾರ್ಡ್ ಖಾಲಿ. ಒಂದು ಬಾಗಿಲು ತೆರೆದ್ರೆ ಇಡೀ ಮನೆ ನಿಮ್ಮದು.

ಅಮೆರಿಕ? ಸುಮಾರು 98 ಲಕ್ಷ ಚದರ ಕಿಲೋಮೀಟರ್. ಬ್ರಿಟನ್‌ನ ನಲವತ್ತು ಪಟ್ಟು. ಊರೂರಿಗೆ ಬೇರೆ ಬೇರೆ ಖಾಸಗಿ ರೇಡಿಯೋ ಸ್ಟೇಷನ್, ಒಟ್ಟು ಸಾವಿರಗಟ್ಟಲೆ. ಯಾವ ಹಾಡು ಹಾಕ್ಬೇಕು ಅಂತ ಪ್ರತಿ ಸ್ಟೇಷನ್‌ನಲ್ಲೂ ಒಬ್ಬ ತೀರ್ಮಾನ ಮಾಡ್ತಾನೆ. ಕ್ಲೀವ್‌ಲ್ಯಾಂಡ್‌ನಲ್ಲಿ ಗೆದ್ದ ಹಾಡು ಟೆಕ್ಸಸ್‌ನಲ್ಲಿ ಯಾರಿಗೂ ಗೊತ್ತಿರಲ್ಲ. ಅಲ್ಲಿ ಮನೆಗೆ ಸಾವಿರ ಬಾಗಿಲು. ಒಂದೊಂದನ್ನೂ ತಟ್ಟಬೇಕು.

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಬಿಡೋದಿಲ್ಲ. ನಮ್ಮ ಕಡೆ ಜಾತ್ರೆ, ಗಣಪತಿ ಹಬ್ಬಕ್ಕೆ ರಸಮಂಜರಿ ಮಾಡ್ತಾರಲ್ಲ, ಆ ತಂಡ ಇಟ್ಕೊಂಡೇ ಯೋಚನೆ ಮಾಡಿ. ಹೊಳೆನರಸೀಪುರದಿಂದ ಎಂಟು ಜನ ಒಂದು ಟಿ.ಟಿ.ಲಿ ಹೊರಟು ಅರಕಲಗೂಡಲ್ಲೋ ಚನ್ನರಾಯಪಟ್ಟಣದಲ್ಲೋ ಕಾರ್ಯಕ್ರಮ ಕೊಟ್ರೆ, ಬೆಳಗಿನ ಜಾವಕ್ಕೆ ಮನೇಲಿರ್ತಾರೆ. ಲಾಡ್ಜ್ ಇಲ್ಲ, ಎರಡನೇ ದಿನದ ಊಟ ಇಲ್ಲ. ಅದೇ ತಂಡ ಪುಣೆಗೆ ಹೋಗ್ಬೇಕು ಅಂದ್ರೆ ಹೆಚ್ಚುಕಡಿಮೆ 800 ಕಿಲೋಮೀಟರ್. ಒಂದು ರಾತ್ರಿಯ ಶೋಗೆ ಮೂರು ದಿನ ಹೋಯ್ತು. ಎಂಟು ಜನರ ಮೂರು ದಿನದ ಸಂಬಳ, ರೂಮು, ಡೀಸೆಲ್. ಅಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ಹಾಗಾಗಿ ಕೊಡೋ ದುಡ್ಡೂ ಕಮ್ಮಿ. ಖರ್ಚು ಮೂರು ಪಟ್ಟು, ಆದಾಯ ಅರ್ಧ. ಇಷ್ಟೇ ಗಣಿತ.

ಬ್ರಿಟಿಷ್ ಬ್ಯಾಂಡ್‌ಗಳದ್ದೂ ಇದೇ ಗಣಿತ, ಮಧ್ಯೆ ಅಟ್ಲಾಂಟಿಕ್ ಸಾಗರ ಬೇರೆ. ಎಷ್ಟೋ ಸಲ ನಷ್ಟವನ್ನ ರೆಕಾರ್ಡ್ ಕಂಪನಿ ತುಂಬಿಕೊಡ್ತಿತ್ತು. ಧರ್ಮಕ್ಕಲ್ಲ, ಮುಂದಿನ ರಾಯಲ್ಟೀಲಿ ಮುರ್ಕೊಳ್ಳೋ ಹಾಗೆ. ಅಂದ್ರೆ ಸಾಲ. ಇದ್ರ ಮೇಲೆ ಪರ್ಮಿಟ್ಟು, ವೀಸಾ. 2024ರ ಏಪ್ರಿಲ್‌ನಲ್ಲಿ ಅಮೆರಿಕ ಕಲಾವಿದರ ವೀಸಾ ಅರ್ಜಿಯ ಸಾಮಾನ್ಯ ಶುಲ್ಕವನ್ನ 460 ಡಾಲರ್‌ನಿಂದ ಸಾವಿರ ಡಾಲರ್ ದಾಟಿಸ್ತು. ದೊಡ್ಡ ಬ್ಯಾಂಡ್‌ಗೆ ಅದು ಕಾಫಿ ಖರ್ಚು. ಹೊಸಬರಿಗೆ ಅಲ್ಲೇ ಕನಸು ಮುಗೀತು.

ಹಾಗಾದ್ರೆ ಗೆದ್ದವರು ಹೇಗೆ ಗೆದ್ರು? ನನಗೆ ಕಾಣೋದು ಎರಡು ದಾರಿ.

ಮೊದಲನೇದು, ಖರ್ಚು ಕಮ್ಮಿ ಮಾಡಿ ಒಂದೊಂದೇ ಬಾಗಿಲು ತಟ್ಟೋದು. 1978ರಲ್ಲಿ ದ ಪೊಲೀಸ್ ಅನ್ನೋ ಬ್ಯಾಂಡ್ ಹೀಗೆ ಮಾಡ್ತು. ಮೂರೇ ಜನ. ಆಗ ಬಂದಿದ್ದ ಲೇಕರ್ ಕಂಪನಿಯ ಅಗ್ಗದ ವಿಮಾನದಲ್ಲಿ ಹೋಗಿ, ಒಂದು ವ್ಯಾನ್ ಹಿಡ್ಕೊಂಡು ಸಣ್ಣ ಸಣ್ಣ ಕ್ಲಬ್‌ಗಳಲ್ಲಿ ನುಡಿಸಿದ್ರು. ಕೆಲವು ಕಡೆ ಎದುರಿಗಿದ್ದದ್ದು ಬೆರಳೆಣಿಕೆ ಜನ. ಆದ್ರೂ ತಡ್ಕೊಂಡ್ರು, ಯಾಕಂದ್ರೆ ನಷ್ಟವೂ ಸಣ್ಣದೇ ಇತ್ತು. ಐದು ವರ್ಷದಲ್ಲಿ ಅವರು ಅಮೆರಿಕದ ಸ್ಟೇಡಿಯಂ ತುಂಬಿಸ್ತಿದ್ರು.

ಇದಕ್ಕೆ ಉಲ್ಟಾ ಓಯಸಿಸ್. 1996ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ನೆಬ್‌ವರ್ತ್‌ನಲ್ಲಿ ಎರಡು ರಾತ್ರಿಗೆ ಎರಡೂವರೆ ಲಕ್ಷ ಜನ. ಅದೇ ತಿಂಗಳು ಅಮೆರಿಕ ಪ್ರವಾಸ. ಹಾಡುಗಾರ ಲಿಯಮ್ ವಿಮಾನವನ್ನೇ ಹತ್ತಲಿಲ್ಲ, ಆಮೇಲೆ ಹೋದ. ಸೆಪ್ಟೆಂಬರ್‌ನಲ್ಲಿ ಅಣ್ಣ ನೋಯೆಲ್ ಮಧ್ಯದಲ್ಲೇ ಎದ್ದು ಮನೆಗೆ ಬಂದ, ಉಳಿದ ಶೋಗಳು ರದ್ದು. ಅವರ ಹಾಡು ಅಲ್ಲಿ ಟಾಪ್ 10 ಮುಟ್ಟಿತ್ತು, ಆಲ್ಬಮ್ ಲಕ್ಷಗಟ್ಟಲೆ ಮಾರಿತ್ತು. ಆದ್ರೂ ಮನೆಯಲ್ಲಿ ಇದ್ದ ಎತ್ತರ ಅಲ್ಲಿ ಸಿಗಲಿಲ್ಲ. ಲಂಡನ್‌ನಲ್ಲಿ ಅಣ್ಣತಮ್ಮಂದಿರ ಜಗಳ ಒಳ್ಳೆ ಸುದ್ದಿ. ಅಮೆರಿಕದ ಊರಿನ ಪ್ರೊಮೋಟರ್‌ಗೆ ಅದು ಟಿಕೆಟ್ ದುಡ್ಡು ವಾಪಸ್ ಕೊಡೋ ತಲೆನೋವು.

ಎರಡನೇ ದಾರಿ, ಇಡೀ ದೇಶಕ್ಕೆ ಒಂದೇ ಬಾಗಿಲು ತೆರೆಯೋ ಗಳಿಗೆಗೆ ಸರಿಯಾಗಿ ಅಲ್ಲಿರೋದು. 1963ರಲ್ಲಿ ಬೀಟಲ್ಸ್ ಹಾಡುಗಳನ್ನ ಅಮೆರಿಕದ ಕ್ಯಾಪಿಟಲ್ ಕಂಪನಿ ಬೇಡ ಅಂದಿತ್ತು. ಅದು ಅವರದೇ ಬ್ರಿಟಿಷ್ ಕಂಪನಿಯ ಅಮೆರಿಕನ್ ಶಾಖೆ! ವರ್ಷದ ಕೊನೇಲಿ ಮನಸ್ಸು ಬದಲಾಯ್ತು. 1964ರ ಫೆಬ್ರವರಿ 9ಕ್ಕೆ ಎಡ್ ಸಲಿವನ್ ಟಿ.ವಿ. ಶೋನಲ್ಲಿ ಅವರನ್ನ ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ಆಮೇಲೆ 1981ರಲ್ಲಿ ಎಂಟಿವಿ ಬಂತು. ಅದಕ್ಕೆ ವಿಡಿಯೋ ಬೇಕು, ಬ್ರಿಟಿಷ್ ಬ್ಯಾಂಡ್‌ಗಳ ಹತ್ತಿರ ವಿಡಿಯೋ ಇತ್ತು. 1983ರ ಬೇಸಿಗೆಯಲ್ಲಿ ಅಮೆರಿಕದ ಟಾಪ್ 40ರಲ್ಲಿ ಹೆಚ್ಚುಕಡಿಮೆ ಅರ್ಧ ಬ್ರಿಟಿಷರದ್ದೇ. ನಮ್ಮ ಸ್ಲೇಡ್ ಕೂಡ 1984ರಲ್ಲಿ ಒಂದು ಹಾಡಿನ ಜೊತೆ ಅಮೆರಿಕದ ಟಾಪ್ 20ಕ್ಕೆ ಬಂತು. ಹತ್ತು ವರ್ಷ ತಡವಾಗಿ.

ಈಗ ಮನೆಗೆ ಬರೋಣ.

ಕನ್ನಡದ ಸ್ವತಂತ್ರ ಬ್ಯಾಂಡ್‌ಗಳ ಕಥೆ ಏನು? ಮೈಸೂರಿನ ರಘು ದೀಕ್ಷಿತ್ ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಅಲೆದ್ರೂ ಆಲ್ಬಮ್ ಆಗಿರಲಿಲ್ಲ. ಕೊನೆಗೆ ವಿಶಾಲ್-ಶೇಖರ್ ತಮ್ಮದೇ ಲೇಬಲ್‌ನಿಂದ 2008ರಲ್ಲಿ ಮೊದಲ ಆಲ್ಬಮ್ ತಂದ್ರು. 2010ರಲ್ಲಿ ರಘು ಬಿಬಿಸಿಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಶೋಗೆ ಹೋದ್ರು. ಲುಂಗಿ, ಕಾಲಿಗೆ ಗೆಜ್ಜೆ. ಅದಾದ ಮೇಲೆ ಆಲ್ಬಮ್ ಬ್ರಿಟನ್‌ನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೇಲಕ್ಕೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ, ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ. ಶಿಶುನಾಳ ಶರೀಫರ ಪದಗಳನ್ನ ಹಾಡೋ ಬ್ಯಾಂಡು, ಕನ್ನಡದ ಗಂಧವೇ ಗೊತ್ತಿಲ್ಲದ ಜನರ ಮುಂದೆ!

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಲಕ್ನೋದಲ್ಲೋ ಇಂದೋರ್‌ನಲ್ಲೋ ಕಷ್ಟ ಆಗಿದ್ದು ಇಂಗ್ಲೆಂಡ್‌ನಲ್ಲಿ ಹೇಗೆ ಸಾಧ್ಯ ಆಯ್ತು? ಆಗಲೇ ಹೇಳಿದ ಕಾರಣಕ್ಕೇ. ಬ್ರಿಟನ್ ಸಣ್ಣ ದೇಶ, ಬಾಗಿಲು ಕಮ್ಮಿ. ಒಂದು ಟಿ.ವಿ. ಶೋ, ಅದೂ ಬ್ಯಾಂಡ್ ಲೈವ್ ಆಗಿ ನುಡಿಸೋ ಶೋ, ಒಂದು ರಾತ್ರೀಲಿ ದೇಶಕ್ಕೆ ಪರಿಚಯ ಮಾಡಿಸುತ್ತೆ. ಸ್ಲೇಡ್‌ನ ಬೆಳೆಸಿದ ಅದೇ ವ್ಯವಸ್ಥೆ ನಮ್ಮ ಮೈಸೂರಿನವರಿಗೂ ಬಾಗಿಲು ತೆಗೀತು.

ಭಾರತ ಹಾಗಲ್ಲ. ಈ ವಿಷಯದಲ್ಲಿ ಭಾರತ ಅಂದ್ರೆ ಅಮೆರಿಕ. 33 ಲಕ್ಷ ಚದರ ಕಿಲೋಮೀಟರ್, ರಾಜ್ಯಕ್ಕೊಂದು ಭಾಷೆ, ಭಾಷೆಗೊಂದು ಮಾರುಕಟ್ಟೆ. ಎಲ್ಲವನ್ನೂ ದಾಟೋ ಬಾಗಿಲು ಒಂದಿದೆ, ಅದು ಸಿನಿಮಾ. ಎಫ್‌ಎಂ ರೇಡಿಯೋದಿಂದ ಮದುವೆ ಮನೆ ಡಿಜೆವರೆಗೆ ಓಡೋದು ಸಿನಿಮಾ ಹಾಡು. ರಘು ದೀಕ್ಷಿತ್ ಕೂಡ ಕನ್ನಡದಲ್ಲಿ 'ಸೈಕೋ', 'ಜಸ್ಟ್ ಮಾತ್ ಮಾತಲ್ಲಿ' ಮಾಡಿದ್ರು, ಹಿಂದಿ ಸಿನಿಮಾಗಳಿಗೂ ಸಂಗೀತ ಕೊಟ್ರು. ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ ಕನ್ನಡ, ಹಿಂದಿ ಎರಡರಲ್ಲೂ ಹಾಡ್ತು, 2009ರಲ್ಲಿ ಬ್ರಿಟಿಷ್ ಕೌನ್ಸಿಲ್ ಯೋಜನೆಯಲ್ಲಿ ಜಾನ್ ಲೆಕಿ ಅನ್ನೋ ದೊಡ್ಡ ಬ್ರಿಟಿಷ್ ನಿರ್ಮಾಪಕನ ಜೊತೆ ಕೆಲಸ ಮಾಡಿ ಬ್ರಿಟನ್ ಪ್ರವಾಸವನ್ನೂ ಮಾಡ್ತು. ಥರ್ಮಲ್ ಆ್ಯಂಡ್ ಅ ಕ್ವಾರ್ಟರ್ 1996ರಿಂದ ಇಂಗ್ಲಿಷ್‌ನಲ್ಲೇ ಹಾಡ್ತಿದೆ. ಮೂವರದ್ದೂ ಬೇರೆ ಬೇರೆ ಭಾಷೆಯ ದಾರಿ. ಸಂಗೀತ ಪ್ರಿಯರ ನಡುವೆ ಮೂವರಿಗೂ ಗೌರವ ಇದೆ. ಸಿನಿಮಾ ಹಾಡಿನಷ್ಟು ಮನೆಮಾತು ಮಾತ್ರ ಯಾರೂ ಆಗಲಿಲ್ಲ.

ಅದಕ್ಕೇ, ನಮ್ಮ ಕಡೆ ಹಾಡು ಕಟ್ಟೋ ಹುಡುಗ ಹುಡುಗೀರು 'ಅಣ್ಣಾ, ಹಿಂದೀಲಿ ಹಾಡಿದ್ರೆ ಆಚೆ ಹೋಗಬಹುದಾ?' ಅಂತ ವಾಯ್ಸ್ ನೋಟ್ ಕಳಿಸಿದಾಗ ನನ್ನ ಉತ್ತರ ಇದು. ಹಿಂದಿ ಹಾಡು ಒಳಗಿಂದ ಬಂದ್ರೆ ಹಾಡಿ, ತಪ್ಪೇನಿಲ್ಲ. ಮಾರುಕಟ್ಟೆ ಸಿಗುತ್ತೆ ಅನ್ನೋ ಒಂದೇ ಕಾರಣಕ್ಕೆ ಬೇಡ. 2011ರಲ್ಲಿ 'ಕೊಲವೆರಿ' ದೇಶ ಪೂರ್ತಿ ಓಡ್ತಲ್ಲ, ಅದೇನು ಹಿಂದಿನಾ? ಭಾಷೆ ಬದಲಾಯಿಸಿದ ಮಾತ್ರಕ್ಕೆ ದಾರಿ ಹತ್ತಿರ ಆಗಲ್ಲ. ಮುಂಬೈಗೆ ಹೋಗೋ ಟಿ.ಟಿ. ಬಾಡಿಗೆ ಹಿಂದಿಗೂ ಒಂದೇ, ಕನ್ನಡಕ್ಕೂ ಒಂದೇ. ಜೊತೆಗೆ ಅಲ್ಲಿ ಆಗಲೇ ಹಿಂದೀಲಿ ಹಾಡೋ ಸಾವಿರ ಜನ ಇದ್ದಾರೆ, ಇಲ್ಲಿ ನಿಮ್ಮನ್ನ ಕೇಳ್ತಿದ್ದ ಇನ್ನೂರು ಜನ ಕೈ ತಪ್ಪಿ ಹೋಗ್ತಾರೆ. ಸ್ಲೇಡ್‌ಗೆ ಆಗಿದ್ದು ಅದೇ.

ಕಿಂಕ್ಸ್ ಅನ್ನೋ ಲಂಡನ್ ಬ್ಯಾಂಡ್ ಕಥೆ ಕೇಳಿ. 1965ರಲ್ಲಿ ಅಮೆರಿಕದ ಸಂಗೀತಗಾರರ ಸಂಘ ಅವರಿಗೆ ಪರ್ಮಿಟ್ ನಿಲ್ಲಿಸ್ತು. ನಾಲ್ಕು ವರ್ಷ ಪ್ರವಾಸ ಬಂದ್. ಅವರು ಸುಮ್ಮನೆ ಕೂರದೆ ತಮ್ಮ ಕಡೆಯ ಹಳ್ಳಿ, ಮೈದಾನ, ಹಳೇ ನೆನಪುಗಳ ಬಗ್ಗೆ ಹಾಡು ಕಟ್ಟಿದ್ರು. 1968ರಲ್ಲಿ ಬಂದ ಆ 'ವಿಲೇಜ್ ಗ್ರೀನ್' ಆಲ್ಬಮ್ ಬ್ರಿಟನ್ ಚಾರ್ಟ್‌ಗೂ ಹತ್ತಲಿಲ್ಲ. ಇವತ್ತು ಅದನ್ನ ಅವರ ಅತಿ ಒಳ್ಳೆ ಕೆಲಸಗಳಲ್ಲಿ ಒಂದು ಅಂತಾರೆ. ಬ್ಯಾನ್ ಮುಗಿದ ಮೇಲೆ ಮತ್ತೆ ಅಮೆರಿಕಕ್ಕೆ ಹೋಗಿ, ಎಪ್ಪತ್ತರ ದಶಕ ಪೂರ್ತಿ ಊರೂರು ಸುತ್ತಿ, ಕೊನೆಗೆ ದೊಡ್ಡ ದೊಡ್ಡ ಅರೇನಾ ತುಂಬಿಸಿದ್ರು. ಊರಿನ ಹಾಡು ಅವರಿಗೆ ಅಡ್ಡ ಬರಲಿಲ್ಲ. ಬೇಕಾಗಿದ್ದು ಸಮಯ, ಮತ್ತೆ ಅಲ್ಲಿವರೆಗೆ ಮುಳುಗದೆ ಇರೋ ಲೆಕ್ಕ.

'ಈಗ ಫೋನ್ ಇದೆ, ದಾರಿ ಎಲ್ಲಿದೆ?' ಅಂತೀರಾ? ಫೋನಲ್ಲೂ ಬಾಗಿಲು ಇದೆ. ಹಾಡಿನ ಆ್ಯಪ್ ಹಾಕಿದ ತಕ್ಷಣ ಅದು ಕೇಳೋದು, ನಿಮಗೆ ಯಾವ ಭಾಷೆ ಬೇಕು ಅಂತ. ಭೋಪಾಲ್‌ನ ಹುಡುಗಿ ಹಿಂದಿ, ಪಂಜಾಬಿ ಒತ್ತಿ ಮುಂದೆ ಹೋಗ್ತಾಳೆ. ಅವಳ ಹೋಮ್ ಪೇಜ್‌ಗೆ ಕನ್ನಡ ಹಾಡು ಬರೋ ಸಾಧ್ಯತೆ ಅಲ್ಲಿಗೆ ಕಮ್ಮಿ ಆಯ್ತು. ಹಳೇ ಅಮೆರಿಕದ ರೇಡಿಯೋದಲ್ಲಿ ಕೂತಿದ್ದವನ ಕೆಲಸವನ್ನ ಈಗ ಈ ಒಂದು ಪರದೆ ಮಾಡ್ತಿದೆ. ಆ ಪರದೆ ದಾಟಿಸೋಕೆ ಯಾರಾದ್ರೂ ಮನುಷ್ಯರೇ ಬೇಕು, 'ಇದನ್ನ ಕೇಳು' ಅಂತ ಲಿಂಕ್ ಕಳಿಸೋರು.

ಹಾಗಾಗಿ ಈ ವಾರ ಎರಡು ಕೆಲಸ. ಒಂದು, ನಿಮ್ಮ ಆ್ಯಪ್ ಸೆಟ್ಟಿಂಗ್ಸ್ ತೆಗೆದು ಭಾಷೆಗಳ ಪಟ್ಟೀಲಿ ಕನ್ನಡ ಇದೆಯಾ ನೋಡಿ. ಬೇರೆ ಭಾಷೆ ಒಂದನ್ನೂ ಸೇರಿಸಿ, ತುಳು ಇರಲಿ, ಮರಾಠಿ ಇರಲಿ. ನಾವು ಬಾಗಿಲು ತೆಗೀದೆ ಅವರು ತೆಗೀಲಿ ಅನ್ನೋದು ನ್ಯಾಯ ಅಲ್ಲ. ಎರಡು, ನಿಮ್ಮ ತಾಲ್ಲೂಕಲ್ಲಿ ಸ್ವಂತ ಹಾಡು ಕಟ್ಟೋರು ಇದ್ರೆ, ಕನ್ನಡ ಬಾರದ ಒಬ್ಬ ಗೆಳೆಯನಿಗೆ ಅವರ ಹಾಡು ಕಳಿಸಿ. ಅವನು ಏನಂದ ಅಂತ ನನಗೆ ವಾಯ್ಸ್ ನೋಟ್ ಹಾಕಿ, ಮುಂದಿನ ಸಂಚಿಕೇಲಿ ಕೇಳಿಸ್ತೀನಿ. ಬರ್ತೀನಿ.