ಒಂದೇ ಒಂದು ಕೆಜಿ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ರೂಮಲ್ಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ, ಇಯರ್‌ಫೋನ್ ಒಂಚೂರು ಸರಿ ಮಾಡ್ಕೊಳ್ಳಿ. ಇವತ್ತಿನ ಮಾತು ಒಂದು ಕೆಜಿ ಬಗ್ಗೆ. ಅಂಗಡಿಯಲ್ಲಿ ಸಕ್ಕರೆ ಕಟ್ಟಿಸ್ಕೊಳ್ತೀವಲ್ಲ, ಅದೇ ಒಂದು ಕೆಜಿ.

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ ವಂಡ್ಸೆ, ಚಿತ್ತೂರು ಸಿಗ್ತದೆ. ಗುರುರಾಜ್ ಪೂಜಾರಿ ಆ ಬದಿಯವರು. ತಂದೆ ಪಿಕಪ್ ಓಡಿಸ್ತಿದ್ದವರು, ತುಂಬಿದ ಮನೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದು ನೋಡಿ ಈ ಹುಡುಗನಿಗೆ ಕುಸ್ತಿ ಹುಚ್ಚು ಹಿಡಿಯಿತು. ಮುಂದೆ ಉಜಿರೆಯ ಎಸ್‌ಡಿಎಂ ಕಾಲೇಜು ಸೇರಿದಾಗ ಅಲ್ಲಿನ ತರಬೇತುದಾರರು ವೇಟ್‌ಲಿಫ್ಟಿಂಗ್‌ಗೆ ಎಳೆದುಕೊಂಡರು. ಭಾರ ಎತ್ತೋದಕ್ಕೆ ಮೊದಲು ಹೊಟ್ಟೆಗೆ ಸರಿಯಾಗಿ ಬೀಳಬೇಕು. ಆ ಊಟದ ಖರ್ಚೇ ಮನೆಗೆ ದೊಡ್ಡ ಭಾರ. ಆಮೇಲೆ ವಾಯುಪಡೆಯಲ್ಲಿ ಕೆಲಸ ಸಿಕ್ಕಿತು.

ಆ ಕೆಲಸದ ಮಾತು ಮುಖ್ಯ. 1871ರ ಮಾರ್ಚ್ 27ಕ್ಕೆ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡ್ ನಡುವೆ ಮೊದಲ ಅಂತಾರಾಷ್ಟ್ರೀಯ ರಗ್ಬಿ ಪಂದ್ಯ ನಡೆಯಿತು. ಒಂದು ತಂಡಕ್ಕೆ 20 ಜನ. ಗೆದ್ದದ್ದು ಸ್ಕಾಟ್ಲೆಂಡ್. ಆಡಿದ್ದಕ್ಕೆ ದುಡ್ಡು ತಗೊಳ್ಳುವ ಹಾಗಿಲ್ಲ, ರಗ್ಬಿ ಯೂನಿಯನ್‌ನಲ್ಲಿ ಆ ನಿಯಮ 1995ರವರೆಗೂ ಇತ್ತು. ಆದರೆ ಅಲ್ಲಿ ಆಡಿದವರಲ್ಲಿ ಹೆಚ್ಚಿನವರು ಒಳ್ಳೆಯ ಶಾಲೆಗಳಲ್ಲಿ ಓದಿದ ಉಳ್ಳವರ ಮಕ್ಕಳು. ದುಡ್ಡು ಬೇಡ ಅನ್ನೋದು ಅವರಿಗೆ ಮರ್ಯಾದೆಯ ವಿಷಯ. ನಮ್ಮಲ್ಲಿ? ಕಾಮನ್‌ವೆಲ್ತ್ ಕ್ರೀಡಾಕೂಟ ಕೊಡೋದೂ ಪದಕ ಮಾತ್ರ, ಬಹುಮಾನದ ಹಣ ಇಲ್ಲ. ಪಿಕಪ್ ಡ್ರೈವರ್ ಮಗ ಅದನ್ನು ನಂಬಿ ಕೂರೋಕಾಗ್ತದಾ? ಸಂಬಳದ ಕೆಲಸ ಬೇಕೇ ಬೇಕು.

ಈಗ 2018ರ ಏಪ್ರಿಲ್ 5ಕ್ಕೆ ಬರುವ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್, 56 ಕೆಜಿ ವಿಭಾಗ. ಈ ಆಟ ಗೊತ್ತಿಲ್ಲದವರಿಗೆ ಹೇಳ್ತೇನೆ: ಮೊದಲು ಸ್ನ್ಯಾಚ್, ಅಂದರೆ ನೆಲದಿಂದ ಒಂದೇ ಎಳೆತಕ್ಕೆ ತಲೆ ಮೇಲೆ. ಆಮೇಲೆ ಕ್ಲೀನ್ ಅಂಡ್ ಜರ್ಕ್, ಮೊದಲು ಭುಜದವರೆಗೆ, ಅಲ್ಲಿಂದ ಮೇಲಕ್ಕೆ. ಎರಡಕ್ಕೂ ಮೂರು ಮೂರು ಅವಕಾಶ. ಭಾರ ಏರಿಸಬಹುದು, ಇಳಿಸುವ ಹಾಗಿಲ್ಲ. ಎರಡನೆಯದರಲ್ಲಿ ಮೂರೂ ಹಾಳಾದರೆ ಮೊದಲನೆಯದರಲ್ಲಿ ಎತ್ತಿದ್ದಕ್ಕೂ ಬೆಲೆ ಇಲ್ಲ, ಒಟ್ಟು ಲೆಕ್ಕವೇ ಇಲ್ಲ.

ಗುರುರಾಜ್ ಸ್ನ್ಯಾಚ್‌ನಲ್ಲಿ 111 ಕೆಜಿ ಎತ್ತಿದ್ದರು. ಜರ್ಕ್‌ಗೆ 138 ಹಾಕಿಸಿದರು. ಮೊದಲನೇ ಸಲ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಇನ್ನು ಉಳಿದದ್ದು ಒಂದೇ. ವರ್ಷಗಟ್ಟಲೆ ಬೆವರು ಸುರಿಸಿದ್ದು ಆ ಕೆಲವೇ ಸೆಕೆಂಡಿನ ಮೇಲೆ ನಿಂತಿತ್ತು. ತನ್ನ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚಿನ ಕಬ್ಬಿಣ ಮೂರನೇ ಸಲ ಮೇಲೆ ಹೋಯ್ತು, ಅಲ್ಲೇ ನಿಂತಿತು. ಒಟ್ಟು 249 ಕೆಜಿ, ಬೆಳ್ಳಿ. ಆ ಕೂಟದಲ್ಲಿ ಭಾರತದ ಮೊದಲ ಪದಕ! ಕಂಚು ಗೆದ್ದ ಶ್ರೀಲಂಕಾದವರ ಲೆಕ್ಕ ಎಷ್ಟು ಗೊತ್ತುಂಟಾ? 248.

ಅದೇ ವರ್ಷದ ಕೊನೆಗೆ ಅಂತಾರಾಷ್ಟ್ರೀಯ ಒಕ್ಕೂಟ ತೂಕದ ವಿಭಾಗಗಳನ್ನೇ ಬದಲಿಸಿತು. 56 ಕೆಜಿ ಅನ್ನೋದೇ ಮಾಯ. ಬೆಳ್ಳಿ ಗೆದ್ದ ಮನುಷ್ಯನಿಗೆ ತನ್ನ ವಿಭಾಗವೇ ಇಲ್ಲ! 61ಕ್ಕೆ ಹೋಗಬೇಕು, ಅಲ್ಲಿ ಎದುರಾಳಿಗಳೂ ದೊಡ್ಡವರು. ನನಗೆ ಬೆಳ್ಳಿಗಿಂತ ಈ ನಾಲ್ಕು ವರ್ಷವೇ ದೊಡ್ಡದು ಅನ್ನಿಸ್ತದೆ. ಅದರ ವಿಡಿಯೋ ಮಾತ್ರ ಯಾರೂ ಫಾರ್ವರ್ಡ್ ಮಾಡೋದಿಲ್ಲ.

2022ರ ಜುಲೈ 30, ಬರ್ಮಿಂಗ್‌ಹ್ಯಾಮ್. ಎರಡು ದಿನ ಮೊದಲಷ್ಟೇ ಆಸಾಡಿ ಅಮಾಸಿ, ನಮ್ಮ ಕುಂದಾಪ್ರ ಕನ್ನಡ ದಿನ; ವಾಟ್ಸಾಪ್ ಸ್ಟೇಟಸ್ ಇನ್ನೂ ಆರಿರಲಿಲ್ಲ. ಅಲ್ಲಿ ಗುರುರಾಜ್ 118, ಜರ್ಕ್‌ನಲ್ಲಿ 151, ಒಟ್ಟು 269 ಎತ್ತಿ ಕಂಚು ಗೆದ್ದರು. ನಾಲ್ಕನೇ ಸ್ಥಾನದ ಕೆನಡಾದವರು 268. ಮತ್ತೆ ಅದೇ ಒಂದು ಕೆಜಿ, ಮರಾಯ್ರೆ.

ನಾನಿದನ್ನು ಯಾಕೆ ಇಷ್ಟು ಹೇಳ್ತಿದ್ದೇನೆ ಅಂದರೆ, ನಮ್ಮ ಅಣ್ಣನ ಮಗಳು ಈಗ ಪಿಯುಸಿ. ಭಾರ ಎತ್ತುತ್ತಾಳೆ. ಮನೆಯಲ್ಲಿ ರಾತ್ರಿ ಊಟಕ್ಕೆ ಕೂತರೆ ಅದೇ ಜಗಳ. "ಅದ್ರಿಂದ ಹೊಟ್ಟಿ ತುಂಬ್ತಾ?" ಅಂತ ಅಣ್ಣ ಕೇಳ್ತಾನೆ. ಅವನು ಕೇಳೋದರಲ್ಲಿ ತಪ್ಪಿಲ್ಲ, ಹೋಟ್ಲಲ್ಲಿ ದುಡಿದು ಮನೆ ಕಟ್ಟಿದವನು. ನಾನೂ ವಾಲಿಬಾಲ್ ಬಿಟ್ಟು ಬೆಂಗಳೂರು ಬಸ್ ಹತ್ತಿದವನೇ, ಹಾಗಾಗಿ ಬುದ್ಧಿ ಹೇಳುವ ಮುಖ ನನಗಿಲ್ಲ.

ಕಳೆದ ವಾರ ಅವಳು ಫೋನ್ ಮಾಡಿದ್ದಳು. "ಚಿಕ್ಕಪ್ಪಾ, ಸ್ಪೋರ್ಟ್ಸ್ ಕೋಟಾದಲ್ಲಿ ಎಲ್ಲೆಲ್ಲಿ ಕೆಲ್ಸ ಕೊಡ್ತ್ರ್, ಸ್ವಲ್ಪ ಕಾಣಿ. ಅಪ್ಪಯ್ಯಂಗೆ ತೋರ್ಸುಕಿತ್ತ್" ಅಂದಳು. ವಾಯುಪಡೆ, ರೈಲ್ವೆ, ಪೊಲೀಸ್ ಅಂತ ಒಂದೊಂದಾಗಿ ಹುಡುಕಿ ಬರೀತಿದ್ದೇನೆ. ಈ ಭಾನುವಾರ ಊರಿಗೆ ಹೋಗ್ತಿದ್ದೇನೆ, ಪಟ್ಟಿ ಜೇಬಲ್ಲಿದೆ.