ಸಂಬಳದ ಲೆಕ್ಕವನ್ನು ಯಾರ ಕೈಗೆ ಕೊಡಬೇಕು?

(ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದಮೇಲೆ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ಗೊಬ್ಬರ ಮಾರಿತು, ಎಷ್ಟು ಲಾಭ ಮಾಡಿತು ಅಂತ ಮಾತಾಡುವುದು ವಾಡಿಕೆ. ಅದನ್ನೆಲ್ಲ ಅಧ್ಯಕ್ಷರು ತಮ್ಮ ವರದಿಯಲ್ಲಿ ಸವಿಸ್ತಾರವಾಗಿ ತಿಳಿಸಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಬೇರೆ. ಆ ಲಾಭವನ್ನು ದುಡಿದುಕೊಟ್ಟ ಸಿಬ್ಬಂದಿಯ ಸಂಬಳದ ಲೆಕ್ಕವನ್ನು ಹೊರಗಿನ ಏಜೆನ್ಸಿಗೆ ಕೊಡಬೇಕೆ, ಕೊಡುವುದಾದರೆ ಎಂಥವರಿಗೆ ಕೊಡಬೇಕು ಎಂಬುದು. ಕೇಳುವುದಕ್ಕೆ ಇದು ಸಣ್ಣ ವಿಷಯ. ಆದರೆ ಇಪ್ಪತ್ತನಾಲ್ಕು ಮನೆಗಳ ಒಲೆ ಇದರ ಮೇಲೆ ನಿಂತಿದೆ.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ದಿನದಿಂದ ಸಹಕಾರದ ಬುನಾದಿ ನಂಬಿಕೆಯೇ. ಆದರೆ ನಂಬಿಕೆ ಅಂದರೆ ಲೆಕ್ಕ ಕೇಳದೆ ಸುಮ್ಮನಿರುವುದಲ್ಲ. ಈ ಮಾತನ್ನು ಇಟ್ಟುಕೊಂಡೇ ಮುಂದಕ್ಕೆ ಹೋಗೋಣ.

ಮೊದಲು, ಹೊರಗೆ ಕೊಡುವ ಮಾತು ಯಾಕೆ ಬಂತು? ನಮ್ಮ ಕಾರ್ಯದರ್ಶಿಯವರೇ ಗೊಬ್ಬರದ ದಾಸ್ತಾನು ನೋಡಬೇಕು, ಸಾಲದ ಕಡತ ನೋಡಬೇಕು, ಪಡಿತರ ಅಂಗಡಿ ನೋಡಬೇಕು, ಆಡಿಟ್‌ಗೆ ಉತ್ತರ ಕೊಡಬೇಕು. ಇದರ ಜೊತೆಗೆ ಗುಮಾಸ್ತರು, ಸೇಲ್ಸ್‌ಮನ್‌ಗಳು, ಗಿರಣಿಯವರು, ಹಮಾಲಿಗಳು, ರಾತ್ರಿ ಕಾವಲುಗಾರರು ಎಲ್ಲರ ಹಾಜರಿ ಕೂಡಿ ಸಂಬಳ ಪಟ್ಟಿ ಮಾಡಬೇಕು. ಭವಿಷ್ಯನಿಧಿ ಮತ್ತು ಇಎಸ್‌ಐ ಹಣ ಮುಂದಿನ ತಿಂಗಳ 15ನೇ ತಾರೀಖಿನ ಒಳಗೆ ಜಮಾ ಆಗಬೇಕು. ಒಂದು ದಿನ ತಡವಾದರೂ ಬಡ್ಡಿ, ಮೇಲೆ ದಂಡ. ಸಾಲದ್ದಕ್ಕೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಒಬ್ಬರ ತಲೆಯ ಮೇಲೆ ಇಷ್ಟೆಲ್ಲ ಹೊರಿಸಿ "ತಪ್ಪಬಾರದು" ಅಂದರೆ ಅದು ನ್ಯಾಯ ಅಲ್ಲ.

ಹಿಂದಿನ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, "ಏನ್ರಪ್ಪಾ, ಲೆಕ್ಕ ಬರೆಯೋಕೂ ಬಾಡಿಗೆ ಆಳು ಬೇಕೇನ್ರೋ?" ಅಂತ ಕೇಳಿದರು. ಕೇಳಬೇಕಾದ ಮಾತೇ. ಲೆಕ್ಕ ಎಷ್ಟು ಎಳೆ ಎಳೆಯಾಗಿದೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀವಿ. ಒಬ್ಬರಿಗೆ ತಿಂಗಳಿಗೆ 14,000 ರೂ. ಸಂಬಳ, ಭತ್ಯೆ ಬೇರೆ ಇಲ್ಲ ಅಂತ ಇಟ್ಟುಕೊಳ್ಳಿ. ಅವರಿಂದ ಭವಿಷ್ಯನಿಧಿಗೆ ಶೇ. 12, ಅಂದರೆ 1,680 ರೂ.; ಇಎಸ್‌ಐಗೆ ಶೇ. 0.75, ಅಂದರೆ 105 ರೂ. ಮುರಿಯಬೇಕು. ಕೈಗೆ ಸಿಗುವುದು 12,215 ರೂ. ಸಂಘದ ಪಾಲು ಇನ್ನೊಂದು ಲೆಕ್ಕ. ಭವಿಷ್ಯನಿಧಿಗೆ ಅಷ್ಟೇ 1,680 ರೂ.; ಅದರಲ್ಲಿ 1,166 ರೂ. ಪಿಂಚಣಿ ಖಾತೆಗೆ, 514 ರೂ. ನಿಧಿಗೆ ಹೋಗುತ್ತದೆ. ವಿಮೆಗೆ 70, ಆಡಳಿತ ವೆಚ್ಚಕ್ಕೆ 70, ಇಎಸ್‌ಐಗೆ ಶೇ. 3.25ರಂತೆ 455 ರೂ. ಒಟ್ಟು 2,275 ರೂ. ಸಂಘ ತನ್ನ ಕೈಯಿಂದ ಹಾಕಬೇಕು. ಅಂದರೆ 14,000ದ ಸಂಬಳಕ್ಕೆ ಸಂಘದ ಖರ್ಚು 16,275 ರೂ. ಇನ್ನು ಮೂರು ದಿನ ಗೈರುಹಾಜರಿ, ಹಬ್ಬದ ಮುಂಗಡದ ಕಂತು ಸೇರಿದರೆ ಎಲ್ಲ ಅಂಕಿಯೂ ಬದಲು.

ಇದರಲ್ಲಿ ತಪ್ಪಿದರೆ ಏನಾಗುತ್ತೆ? ನಮಗೆ ಗೊತ್ತಿರುವ ಒಂದು ಸಂಸ್ಥೆಯಲ್ಲಿ ಏಜೆಂಟನು ಪ್ರತಿ ತಿಂಗಳೂ ಹಣ ತನ್ನ ಕೈಗೇ ತೆಗೆದುಕೊಂಡು, ಒಟ್ಟು ಮೊತ್ತದ ಚಲನ್ ತೋರಿಸಿ ಹೋಗುತ್ತಿದ್ದ. ಚಲನ್ ನೋಡಿ ಎಲ್ಲರೂ ಸುಮ್ಮನಿದ್ದರು. ಅಲ್ಲಿನ ಗಿರಣಿ ಕೆಲಸಗಾರ ಒಬ್ಬ ತೀರಿಕೊಂಡಾಗ ಹೆಂಡತಿ ಪಿಂಚಣಿಗೆ ಅರ್ಜಿ ಹಾಕಲು ಹೋದಳು. ಎಷ್ಟೋ ತಿಂಗಳ ಪಟ್ಟಿಯಲ್ಲಿ ಆತನ ಹೆಸರೇ ಇರಲಿಲ್ಲ. ಭವಿಷ್ಯನಿಧಿಯ ಜೊತೆಗಿರುವ ವಿಮೆಯಲ್ಲಿ ಇಂಥ ಕುಟುಂಬಕ್ಕೆ 7 ಲಕ್ಷ ರೂ. ತನಕ ಸಿಗುವ ಅವಕಾಶ ಉಂಟು. ಆ ತಾಯಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ಏಜೆಂಟ್ ಊರು ಬಿಟ್ಟಿದ್ದ. ಉತ್ತರ ಹೇಳಬೇಕಾದವರು ಸಂಸ್ಥೆಯವರೇ ಆದರು.

ಆದ್ದರಿಂದ ಬಂಧುಗಳೇ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಕೆಲಸವನ್ನು ಹೊರಗೆ ಕೊಡಬಹುದು, ಜವಾಬ್ದಾರಿಯನ್ನು ಕೊಡೋಕಾಗಲ್ಲ. ಕಾನೂನಿನ ಕಣ್ಣಿಗೆ ಮಾಲೀಕರು ಸಂಘವೇ.

ಹಾಗಾದರೆ ಆಯ್ಕೆ ಹೇಗೆ? ನಮ್ಮ ಮುಂದೆ ಮೂರು ದಾರಿ ಇವೆ. ತಾಲ್ಲೂಕು ಪೇಟೆಯ ಲೆಕ್ಕಪರಿಶೋಧಕರ ಅಥವಾ ತೆರಿಗೆ ಸಲಹೆಗಾರರ ಕಚೇರಿ ಒಂದು. ಬೆಂಗಳೂರಿನಂಥ ಊರಿನಲ್ಲಿದ್ದು ಕಂಪ್ಯೂಟರ್ ಮೂಲಕವೇ ಎಲ್ಲ ಮಾಡುವ ಕಂಪನಿ ಇನ್ನೊಂದು. ಸಾಫ್ಟ್‌ವೇರ್ ಕೊಂಡು ನಮ್ಮ ಗುಮಾಸ್ತರಿಗೇ ತರಬೇತಿ ಕೊಡಿಸುವುದು ಮೂರನೆಯದು. ಪೇಟೆಯವರಾದರೆ ಎದುರು ಕೂತು ಕೇಳಬಹುದು, ಆದರೆ ಕೆಲಸವೆಲ್ಲ ಒಬ್ಬರ ಮೇಲೆ ನಿಂತಿದ್ದರೆ ಅವರು ಕಾಯಿಲೆ ಬಿದ್ದ ತಿಂಗಳು ನಮ್ಮದೂ ನಿಲ್ಲುತ್ತೆ. ಕಂಪನಿಯವರಲ್ಲಿ ಜನ ಹೆಚ್ಚು, ಆದರೆ ನಮ್ಮ ಹಮಾಲಿ ಕೂಲಿಯ ವಾರದ ಬಟವಾಡೆ ಅವರಿಗೆ ಅರ್ಥವಾಗಬೇಕು. ಮೂರನೆಯದು ಅಗ್ಗ, ಆದರೆ ಕಾನೂನು ಬದಲಾದಾಗ ಹೇಳುವವರು ಇರುವುದಿಲ್ಲ.

ಯಾರೇ ಆಗಲಿ, ಕನಿಷ್ಠ ಮೂವರಿಂದ ಕೊಟೇಶನ್ ತರಿಸಬೇಕು. ತಲಾ ದರ ಒಂದನ್ನೇ ನೋಡಬಾರದು. ಹೊಸಬರ ನೋಂದಣಿಗೆ, ಕೆಲಸ ಬಿಟ್ಟವರ ಲೆಕ್ಕಕ್ಕೆ, ತಪಾಸಣೆ ಬಂದಾಗ ಹಾಜರಾಗುವುದಕ್ಕೆ ಬೇರೆ ಹಣವೇ? ಮೇಲೆ ಶೇ. 18 ಜಿಎಸ್‌ಟಿ ಸೇರಿದೆಯೇ? ಎಲ್ಲ ಕೂಡಿಸಿ ವರ್ಷದ ಮೊತ್ತ ನೋಡಿದ ಮೇಲೆ ಕಡಿಮೆ ದರದವರೇ ದುಬಾರಿ ಆಗಿರುವುದೂ ಉಂಟು.

ಎರಡನೆಯದು ಪರೀಕ್ಷೆ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡ್ತೀವಿ, ನಡೆಸಿ ನೋಡ್ತೀವಿ, ಅಲ್ಲವೇ? ಇಲ್ಲೂ ಹಾಗೇ. ಒಂದು ಪ್ರಶ್ನೆ ಕೊಡಿ. "ಮೂಲ ವೇತನ 6,000, ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ ಸೇರಿ 8,000, ಹೊಸ ಸಂಹಿತೆಯಲ್ಲಿ ವೇತನ ಎಷ್ಟು?" ಅಂತ ಕೇಳಿ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಹಾಗಾಗಿ 7,000 ಅನ್ನೋದು ಉತ್ತರ. 6,000 ಅಂದವರು ಹಳೇ ಪಾಠವನ್ನೇ ಓದಿಕೊಂಡವರು. ರಾಜ್ಯದ ವೃತ್ತಿ ತೆರಿಗೆಯನ್ನೂ ಕೇಳಿ. ತಿಂಗಳಿಗೆ 25,000 ರೂ. ಮತ್ತು ಮೇಲ್ಪಟ್ಟ ಸಂಬಳಕ್ಕೆ 200 ರೂ., ಫೆಬ್ರವರಿಯಲ್ಲಿ ಮಾತ್ರ 300 ರೂ. ಈ ಫೆಬ್ರವರಿ ಲೆಕ್ಕ 2025ರ ತಿದ್ದುಪಡಿಯಿಂದ ಬಂದದ್ದು. ತಟ್ಟನೆ ಹೇಳಿದರೆ ಆಸಾಮಿ ಎಚ್ಚರವಾಗಿದ್ದಾರೆ ಅಂತ ತಿಳಿಯಿರಿ.

ಮೂರನೆಯದು ಹಣದ ದಾರಿ. ಸಂಬಳವಾಗಲಿ, ಭವಿಷ್ಯನಿಧಿಯಾಗಲಿ, ಒಂದು ರೂಪಾಯಿಯೂ ಏಜೆನ್ಸಿಯ ಖಾತೆಗೆ ಹೋಗಬಾರದು. ಅವರು ಪಟ್ಟಿ ಮತ್ತು ಚಲನ್ ತಯಾರು ಮಾಡಲಿ, ಹಣ ಸಂಘದ ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟಬೇಕು. ಇಲಾಖೆಯ ವೆಬ್‌ಸೈಟಿನಲ್ಲಿ ನೋಂದಾಯಿಸುವ ಮೊಬೈಲ್ ನಂಬರು ಸಂಘದ್ದೇ ಇರಬೇಕು, ಪಾಸ್‌ವರ್ಡ್ ನಮ್ಮ ಬೀರುವಿನಲ್ಲೂ ಇರಬೇಕು. ಬೀಗ ಅವರದು, ಕೀಲಿಯೂ ಅವರದೇ ಆದರೆ ನಾಳೆ ಅವರನ್ನು ಬದಲಿಸುವುದಕ್ಕೂ ಅವರ ಅಪ್ಪಣೆಯೇ ಬೇಕಾಗುತ್ತೆ.

ನಾಲ್ಕನೆಯದು ಕರಾರು. ಒಂದು ವರ್ಷಕ್ಕೆ ಮಾತ್ರ ಮಾಡಿಕೊಳ್ಳಿ. ತಪ್ಪಿನಿಂದ ಬಂದ ದಂಡ ಯಾರು ಕಟ್ಟಬೇಕು, ಬಿಡುವಾಗ ಎಷ್ಟು ದಿನದ ನೋಟಿಸು, ನಮ್ಮ ದಾಖಲೆಗಳನ್ನೆಲ್ಲ ಯಾವ ರೂಪದಲ್ಲಿ ಹಿಂದಕ್ಕೆ ಕೊಡಬೇಕು ಅಂತ ಬರೆದಿರಲಿ. ಆಧಾರ್, ಬ್ಯಾಂಕ್ ಖಾತೆ ವಿವರ ಬೇರೆಯವರ ಕೈಸೇರಬಾರದು ಎಂಬ ಮಾತೂ ಇರಲಿ. ಏಪ್ರಿಲ್‌ನಿಂದ ಶುರು ಮಾಡಿದರೆ ವರ್ಷದ ಲೆಕ್ಕ ಒಂದೇ ಕಡೆ ಸಿಗುತ್ತದೆ. ಮೊದಲ ಎರಡು ತಿಂಗಳು ಅವರ ಪಟ್ಟಿಯ ಜೊತೆಗೆ ನಮ್ಮ ಪಟ್ಟಿಯನ್ನೂ ಮಾಡಿ ತಾಳೆ ನೋಡಬೇಕು.

ಕೊನೆಯದು ಸಿಬ್ಬಂದಿಯ ಕಣ್ಣು. ಎಲ್ಲಕ್ಕಿಂತ ದೊಡ್ಡ ಆಡಿಟ್ ಇದೇ. ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಸಂಬಳದ ಚೀಟಿ ಕೊಡಬೇಕು ಅಂತ ಏಜೆನ್ಸಿಗೆ ಮೊದಲೇ ಹೇಳಬೇಕು. ಒಟ್ಟು ಮೊತ್ತದ ಚಲನ್ ಜೊತೆಗೆ ಹೆಸರುವಾರು ಪಟ್ಟಿಯನ್ನೂ ತರಿಸಿ ನೋಟಿಸ್ ಬೋರ್ಡಿನ ಹತ್ತಿರವೇ ಎಲ್ಲರಿಗೂ ತೋರಿಸಬೇಕು. ಯುಎಎನ್ ನಂಬರಿಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಭವಿಷ್ಯನಿಧಿಯ ಬಾಕಿ ಮೆಸೇಜಿನಲ್ಲಿ ಬರುತ್ತದೆ. ಅಕ್ಷರ ಬಾರದ ಹಮಾಲಿಗಳಿಗೆ ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ಅವರಿಂದ ನೋಡಿಸಿಕೊಳ್ಳಿ. ಹಣ ಬಂದಿಲ್ಲದಿದ್ದರೆ ಸಂಕೋಚ ಬೇಡ, ಮಾರನೇ ದಿನವೇ ಬಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಹೇಳುವುದು ನಮ್ಮ ಕರ್ತವ್ಯ.

ಆಡಳಿತ ಮಂಡಳಿಯಲ್ಲಿ ನಾವೆಲ್ಲ ಒಕ್ಕಲುತನ ಮಾಡುವ ಮಂದಿ. ಎಸ್ಸೆಸ್ಸೆಲ್ಸಿ ಓದಿದವರೇ ನಮ್ಮಲ್ಲಿ ಹೆಚ್ಚು ಓದಿದವರು. ಕಾನೂನಿನ ಪುಸ್ತಕವನ್ನೆಲ್ಲ ಅರೆದು ಕುಡಿಯಬೇಕಿಲ್ಲ. ಹದಿನೈದನೇ ತಾರೀಖು ಕಳೆದ ಮೇಲಿನ ಸಭೆಯಲ್ಲಿ "ಚಲನ್ ಎಲ್ಲಿ, ಪಟ್ಟಿ ಎಲ್ಲಿ, ಇಪ್ಪತ್ತನಾಲ್ಕು ಹೆಸರೂ ಇದೆಯಾ?" ಅಂತ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಅರ್ಧ ಕೆಲಸ ಆಯಿತು. ಬರುವ ಮಹಾಸಭೆಯ ಮುಂದೆ ಮೂರು ಕೊಟೇಶನ್ನುಗಳನ್ನೂ ಇಡುತ್ತೇವೆ. ಸದಸ್ಯರು ತಪ್ಪದೆ ಬಂದು, ದರ ನೋಡಿ, ಕರಾರು ಓದಿಸಿಕೊಂಡು, ಆಮೇಲೆ ಕೈ ಎತ್ತಬೇಕೆಂದು ಪ್ರಾರ್ಥನೆ.



ಜೈ ಹಿಂದ್. ಜೈ ಸಹಕಾರ.