ಫಾರ್ಮ್ ಎಂಬುದು ಕೊನೆಯ ತೀರ್ಪಲ್ಲ

ನೆಚ್ಚಿನ ಫುಟ್‌ಬಾಲ್ ತಂಡ ಸೋಲತೊಡಗಿದಾಗ ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆ ಬಾಗಿಲಿನಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದವರೆಗೂ ಅಭಿಮಾನಿಗಳ ಮಾತು ಒಂದೇ: ಯಾರನ್ನು ಕೈಬಿಡಬೇಕು? ಪ್ರಶ್ನೆ ತಪ್ಪಲ್ಲ, ಆದರೆ ಒಂದೆರಡು ಪಂದ್ಯ ನೋಡಿ ಕೊಡುವ ಉತ್ತರ ತಪ್ಪಾಗಬಹುದು. ಉದಾಹರಣೆಗೆ, 2022–23ರ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲಾರ್ಧದಲ್ಲಿ ಬೆಂಗಳೂರು ಎಫ್‌ಸಿ ಸೋಲಿನ ಮೇಲೆ ಸೋಲು ಕಂಡಿತು. ಕೋಚ್ ಸೈಮನ್ ಗ್ರೇಸನ್ ನಾಯಕ ಸುನಿಲ್ ಛೆಟ್ರಿಯನ್ನೇ ಬೆಂಚಿನಲ್ಲಿ ಕೂರಿಸಿ, ಯುವಕ ಶಿವಶಕ್ತಿ ನಾರಾಯಣನ್‌ಗೆ ಅವಕಾಶ ಕೊಟ್ಟರು. ತಂಡ ಲೀಗ್‌ನ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದು ಪ್ಲೇಆಫ್ ತಲುಪಿತು. ಅಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ, ಬದಲಿ ಆಟಗಾರನಾಗಿ ಬಂದ ಛೆಟ್ರಿಯೇ ಹೆಚ್ಚುವರಿ ಅವಧಿಯಲ್ಲಿ ನಿರ್ಣಾಯಕ ಗೋಲು ಹೊಡೆದರು.

ಹಾಗಾದರೆ ಹಿರಿಯರನ್ನು ಕೈಬಿಟ್ಟದ್ದೇ ಸರಿಯಾಯಿತಲ್ಲವೇ ಎನ್ನಬಹುದು. ಬದಲಾವಣೆ ಸರಿಯಾಗಿತ್ತು, ನಿಜ. ಆದರೆ ಅದು ಪಾತ್ರದ ಬದಲಾವಣೆ, ಆಟಗಾರನ ತಿರಸ್ಕಾರವಲ್ಲ. ಅದೇ ಛೆಟ್ರಿ 2024–25ರಲ್ಲಿ, ನಲವತ್ತರ ವಯಸ್ಸಿನಲ್ಲಿ, 14 ಗೋಲು ಹೊಡೆದು ಲೀಗ್‌ನ ಭಾರತೀಯರಲ್ಲಿ ಮೊದಲಿಗರಾದರು. ಋತು ಚಿಕ್ಕದು, ಕಾಯಲು ಸಮಯವೆಲ್ಲಿ ಎಂಬ ಆಕ್ಷೇಪವೂ ನ್ಯಾಯವೇ. ಕೋಚ್ ತಡಮಾಡಬಾರದು. ಆದರೆ ಇಂದಿನ ಹನ್ನೊಂದು ಮಂದಿಯನ್ನು ಆರಿಸುವುದು ಬೇರೆ, ಒಬ್ಬನ ಕಾಲ ಮುಗಿಯಿತೆಂದು ಸಾರುವುದು ಬೇರೆ. ಅಭಿಮಾನಿಗಳು ಖಾರವಾಗಿಯೇ ಚರ್ಚಿಸಲಿ. ಗೋಲಿನ ಲೆಕ್ಕದ ಜೊತೆಗೆ ಆಟಗಾರನಿಗೆ ಸಿಕ್ಕ ಜಾಗ, ನಿಮಿಷ, ಪಾಸ್‌ಗಳನ್ನೂ ತೂಗಲಿ. ಸೋಲಿನ ದಿನಗಳಲ್ಲಿ ತಂಡಕ್ಕೆ ಬೇಕಾದದ್ದು ಅಂಥ ನ್ಯಾಯವಾದ ಟೀಕೆ.